ಹದಿನೇಳು ಓಟಗಳ ಕೊರತೆ

ಕ್ರಿಕೆಟ್ ಆಟದಲ್ಲಿ ಗಳಿಕೆಗೆ ಆಂಗ್ಲರು ಇಟ್ಟ ಹೆಸರು ರನ್. ಕನ್ನಡದ ಪತ್ರಿಕೆಗಳವರು ಅದಕ್ಕೆ ಕೊಟ್ಟ ಹೆಸರು ಓಟ. ಎರಡು ಹೆಸರುಗಳೂ ಕಾಲಿನ ಕೆಲಸವನ್ನು ಹೇಳುತ್ತವೆಯೇ ಹೊರತು ಕೈಯ ಕೆಲಸವನ್ನಲ್ಲ. ಇಪ್ಪತ್ತೆರಡು ಗಜದ ಹಾದಿಯ ಎರಡು ತುದಿಗಳಲ್ಲಿ ನಿಂತ ಇಬ್ಬರು ಪರಸ್ಪರ ಸ್ಥಾನ ಬದಲಿಸಿಕೊಂಡರೆ ಅದು ಒಂದು ಓಟ. ಚೆಂಡು ಎಲ್ಲೆಗೆರೆಯನ್ನು ಉರುಳಿ ದಾಟಿದರೆ ಓಡದೆಯೇ ನಾಲ್ಕು, ನೆಲ ಮುಟ್ಟದೆ ದಾಟಿದರೆ ಆರು ಸಲ್ಲುವುದು ನಿಯಮವು ತೋರಿದ ಔದಾರ್ಯ. ಕಾಲಕ್ರಮದಲ್ಲಿ ಈ ಔದಾರ್ಯವೇ ಆಟದ ತಿರುಳೆಂದೂ, ಓಡಿ ಪಡೆದ ಒಂದು ಓಟವು ಹೊಡೆಯಲಾರದವನ ಪಾಡೆಂದೂ ನೋಡುವವರಿಗೆ ತೋರತೊಡಗಿತು. ಬರಬರುತ್ತ ಆಡುವವರಿಗೂ ಹಾಗೆಯೇ ತೋರಿತು. ಬಲ್ಲಿದರಾದ ದಾಂಡಿಗರಿಂದ ತುಂಬಿದ ತಂಡವೊಂದು ಅಗತ್ಯದ ಹೊತ್ತಿನಲ್ಲಿ ಓಟಗಳಿಲ್ಲದೆ ಸೊರಗುವುದೇಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟವರು ಈ ಹೆಸರಿನಿಂದಲೇ ಮೊದಲುಮಾಡಬೇಕು.

ಕರ್ನಾಟಕದ ದಾಂಡಿಗತನಕ್ಕೆ ದೊಡ್ಡ ಮನೆತನವಿದೆ. ಗುಂಡಪ್ಪ ವಿಶ್ವನಾಥರು 1967ರಲ್ಲಿ ತಮ್ಮ ಪ್ರಥಮ ರಣಜಿ ಪಂದ್ಯದಲ್ಲಿಯೇ ಆಂಧ್ರದ ವಿರುದ್ಧ 230 ಓಟಗಳನ್ನು ಗಳಿಸಿದ್ದನ್ನು ಹಿರಿಯರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಮುಂಬಯಿಯ ಹದಿನೈದು ವರ್ಷಗಳ ಅವಿಚ್ಛಿನ್ನ ಪ್ರಭುತ್ವವನ್ನು 1973-74ರಲ್ಲಿ ಕೊನೆಗಾಣಿಸಿದುದು ಎರಪಳ್ಳಿ ಪ್ರಸನ್ನರ ನಾಯಕತ್ವದ ಈ ತಂಡವೇ. ಅಲ್ಲಿಂದ 2014-15ರವರೆಗೆ ಎಂಟು ಬಾರಿ ರಣಜಿ ಕಿರೀಟವು ಈ ನಾಡಿಗೆ ಬಂದಿತು. ಆದರೆ 2015-16ರಿಂದ 2024-25ರವರೆಗೆ ನಡೆದ ಒಂಬತ್ತು ಪಂದ್ಯಾವಳಿಗಳಲ್ಲಿ ಅದು ಒಮ್ಮೆಯೂ ಬರಲಿಲ್ಲ. ಆ ಕಾಲದಲ್ಲಿ ತಂಡದಲ್ಲಿ ಹೆಸರಾಂತ ದಾಂಡಿಗರಿರಲಿಲ್ಲವೆಂದು ಯಾರೂ ಹೇಳಲಾರರು. ಇದ್ದರು, ಶತಕಗಳನ್ನೂ ದ್ವಿಶತಕಗಳನ್ನೂ ಬಾರಿಸಿದರು. ಆದರೂ ನಿರ್ಣಾಯಕ ದಿನಗಳಲ್ಲಿ ಓಟಗಳು ಬತ್ತಿಹೋದವು.

ಬತ್ತಿದ ಪರಿಯನ್ನು ತಿಳಿಯಲು ಮೂರು ಪಂದ್ಯಗಳ ಲೆಕ್ಕವನ್ನು ಮುಂದಿಟ್ಟುಕೊಂಡರೆ ಸಾಕು. ಮೊದಲನೆಯದು 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿಯೊಡನೆ ನಡೆದ ಅಂತಿಮ ಪಂದ್ಯ. ಗೆಲುವಿಗೆ 338 ಓಟಗಳು ಬೇಕಿದ್ದವು. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75 ಗಳಿಸಿ ನಾಲ್ಕನೆಯ ವಿಕೆಟ್ಟಿಗೆ 209 ಓಟಗಳನ್ನು ಕೂಡಿಸಿದಾಗ ಜಯವು ಅಂಗೈಯಲ್ಲಿದ್ದಂತೆಯೇ ಇತ್ತು. 3 ವಿಕೆಟ್ಟಿಗೆ 255 ಇದ್ದ ಮೊತ್ತವು 331ಕ್ಕೆ ಮುಗಿದು, ಸೋಲು ಆರು ಓಟಗಳದಾಯಿತು. ಎರಡನೆಯದು 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ವಿದರ್ಭದೊಡನೆ ನಡೆದ ಉಪಾಂತ್ಯ ಪಂದ್ಯ. ಬೇಕಿದ್ದುದು 198, ಬಂದುದು 192, ಸೋಲು ಐದು ಓಟಗಳದು. ಮೂರನೆಯದು 2024ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತಿನೊಡನೆ ನಡೆದುದು. ಬೇಕಿದ್ದುದು ಕೇವಲ 110. ಮೊದಲ ವಿಕೆಟ್ಟು ಬೀಳುವ ಮುನ್ನವೇ 50 ಬಂದಿತ್ತು. ಉಳಿದ ಅರುವತ್ತನ್ನು ಹತ್ತು ವಿಕೆಟ್ಟುಗಳು ಕೈಯಲ್ಲಿದ್ದೂ ತರಲಾಗದೆ ತಂಡವು 103ಕ್ಕೆ ನಿಂತಿತು. ಸೋಲು ಮತ್ತೆ ಆರು ಓಟಗಳದು.

ಆರು, ಐದು, ಆರು: ಒಟ್ಟು ಹದಿನೇಳು. ಒಂದು ಅಂತಿಮ ಪಂದ್ಯ, ಒಂದು ಉಪಾಂತ್ಯ, ಒಂದು ಕೈಗೆ ಬಂದಿದ್ದ ಜಯ, ಇಷ್ಟನ್ನೂ ನುಂಗಿದುದು ಹದಿನೇಳು ಓಟಗಳ ಅಂತರ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಅಡಿಕೆಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೋಲಿಗೆ ಲೋಕವು ಕೊಡುವ ಕಾರಣಗಳು ಹಲವು. ಪಿಚ್ಚು ಸರಿಯಿರಲಿಲ್ಲವೆಂಬುದು ಮೊದಲನೆಯದು. ಕುಣಿಯಲಾರದವಳು ನೆಲ ಡೊಂಕೆಂದ ಕಥೆ ಇದಕ್ಕಿಂತ ಹಳೆಯದಲ್ಲ. ಈಡನ್ನಿನಲ್ಲಿ ಏಳು ವಿಕೆಟ್ಟುಗಳನ್ನು ಕಿತ್ತವರು ವೇಗದ ಎಸೆತಗಾರರಾದ ರಜನೀಶ್ ಗುರ್ಬಾನಿ. ಅಹಮದಾಬಾದಿನಲ್ಲಿ ಏಳನ್ನು ಕಿತ್ತವರು ಎಡಗೈಯಿಂದ ಚೆಂಡನ್ನು ತಿರುಗಿಸುವ ಸಿದ್ಧಾರ್ಥ ದೇಸಾಯಿ. ಒಂದೆಡೆ ವೇಗ, ಇನ್ನೊಂದೆಡೆ ತಿರುವು. ನೆಲವೂ ಬೇರೆ, ಋತುವೂ ಬೇರೆ, ಫಲ ಮಾತ್ರ ಒಂದೇ. ಪ್ರಮುಖ ದಾಂಡಿಗರು ರಾಷ್ಟ್ರೀಯ ತಂಡದ ಕರೆಗೆ ಹೋಗಿರುತ್ತಾರೆಂಬುದು ಎರಡನೆಯ ಕಾರಣ. ಅದರಲ್ಲಿ ಸತ್ಯಾಂಶವಿದೆಯಾದರೂ ಅದು ಪೂರ್ಣಸತ್ಯವಲ್ಲ. ಅನುಭವಿಗಳಿದ್ದ ತಂಡವೇ 2020ರ ಮಾರ್ಚಿನಲ್ಲಿ ಬಂಗಾಳದೆದುರು ಉಪಾಂತ್ಯದಲ್ಲಿ 122ಕ್ಕೂ ಮತ್ತೆ 177ಕ್ಕೂ ಮುಗಿಯಿತು. 2022ರ ಜೂನಿನಲ್ಲಿ ಬೆಂಗಳೂರಿನ ಸಮೀಪದ ಆಲೂರಿನಲ್ಲಿ ಉತ್ತರಪ್ರದೇಶದೆದುರು ಮೊದಲ ಸರದಿಯ ಮುನ್ನಡೆಯಿದ್ದೂ ಎರಡನೆಯ ಸರದಿಯಲ್ಲಿ 114ಕ್ಕೆ ಕುಸಿಯಿತು. ದೈವ ಒಲಿಯಲಿಲ್ಲವೆಂಬುದು ಮೂರನೆಯ ಕಾರಣ. ಒಮ್ಮೆ ಹಾಗಾದರೆ ದೈವವೆನ್ನಬಹುದು. ಮೂರು ಬಾರಿಯಾದರೆ ಅದಕ್ಕೆ ಅಭ್ಯಾಸವೆಂದು ಹೆಸರು.

ಆ ಅಭ್ಯಾಸದ ಸ್ವರೂಪವನ್ನು ಅರಿಯಲು ಛಂದಶ್ಶಾಸ್ತ್ರವು ನೆರವಾಗುತ್ತದೆಂದರೆ ಕ್ರೀಡಾಪ್ರಿಯರು ಹುಬ್ಬೇರಿಸಬಾರದು. ವ್ಯಾಯಾಮಕ್ಕೂ ಛಂದಸ್ಸಿಗೂ ಈ ಸೀಮೆಯಲ್ಲಿ ಹಳೆಯ ನಂಟಿದೆ. ‘ಶ್ರೀರಾಮಾಶ್ವಮೇಧ’ವನ್ನು ಬರೆದ ಮುದ್ದಣ, ಎಂದರೆ ಕಾರ್ಕಳ ಸೀಮೆಯ ನಂದಳಿಕೆಯ ಲಕ್ಷ್ಮೀನಾರಣಪ್ಪ (1870-1901), ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಹಗಲಿನಲ್ಲಿ ಹುಡುಗರ ಹೆಜ್ಜೆಗಳನ್ನು ಎಣಿಸಿದ ಮನಸ್ಸೇ ಮಾತ್ರೆಗಳನ್ನೂ ಎಣಿಸಿತು.

ಕುಮಾರವ್ಯಾಸನ ಭಾರತವು ಭಾಮಿನೀ ಷಟ್ಪದಿಯಲ್ಲಿದೆಯೆಂಬುದನ್ನು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಅದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಇಪ್ಪತ್ತಮೂರು. ಒಟ್ಟು ಪದ್ಯಕ್ಕೆ ನೂರೆರಡು. ಒಂದು ಮಾತ್ರೆಯ ಕಾಲಕ್ಕೆ ಲಘುವೆಂದೂ ಎರಡು ಮಾತ್ರೆಯದಕ್ಕೆ ಗುರುವೆಂದೂ ಹೆಸರು. ನೂರೊಂದು ಮಾತ್ರೆಗಳನ್ನು ಸೊಗಸಾಗಿ ಹೆಣೆದು ಒಂದು ಲಘುವನ್ನು ಬಿಟ್ಟ ಕವಿಗೆ ನೂರೊಂದರ ಅಂಕ ಸಿಗುವುದಿಲ್ಲ, ಪದ್ಯವು ಛಂದೋಭಂಗವೆನಿಸುತ್ತದೆ. ಅಲ್ಲಿ ಕೊರತೆಯಾದುದು ಅಲಂಕಾರವಲ್ಲ, ಕಲ್ಪನೆಯಲ್ಲ, ಒಂದು ಲಘು. ಇನ್ನೊಂದು ಪಾದದಲ್ಲಿ ಎರಡು ಗುರುಗಳನ್ನು ಹೆಚ್ಚಾಗಿ ತುಂಬಿದರೆ ಆ ಲಘುವಿನ ಋಣ ತೀರದು. ಕ್ರಿಕೆಟ್ಟಿನ ಒಂಟಿ ಓಟವೂ ಅಂಥ ಲಘುವೇ. ಅದು ಬಂದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಾರದಿದ್ದಾಗ ಯಾರ ಗಮನಕ್ಕೂ ಬೀಳುವುದಿಲ್ಲ. ಕೊನೆಗೆ ಲೆಕ್ಕ ಕೂಡಿಸುವಾಗ ಮಾತ್ರ ಪದ್ಯ ಕುಂಟುತ್ತದೆ. ಮೈಸೂರಿನ ಪಂದ್ಯದ ಕಡೆಯ ಆರು ಓಟಗಳನ್ನು ನೆನೆದು ಮರುಗುವವರು ಅದೇ ಪಂದ್ಯದ ಮೊದಲ ಸರದಿಯಲ್ಲಿ ಕರ್ನಾಟಕವು 130ಕ್ಕೆ ಮುಗಿದುದನ್ನು ಮರೆಯುತ್ತಾರೆ. ಲಘುವು ಲೋಪವಾದುದು ಕೊನೆಯ ಪಾದದಲ್ಲಲ್ಲ, ಮೊದಲ ಪಾದದಲ್ಲಿಯೇ.

ಒಂಟಿ ಓಟದ ಬೆಲೆ ಒಂದೇ ಎಂದು ತಿಳಿದವನು ಆಟದ ಒಳಗನ್ನು ಕಾಣದವನು. ಓಟ ಬಾರದ ಎಸೆತಗಳು ಐದಾರು ಒಂದರ ಮೇಲೊಂದು ಬಂದವೆನ್ನಿ. ಎದುರಾಳಿ ನಾಯಕನು ಕಾವಲಿನವರನ್ನು ದಾಂಡಿಗನ ಹತ್ತಿರಕ್ಕೆ ಕರೆಯುತ್ತಾನೆ. ಎಸೆತಗಾರನು ಅದೇ ದಾಂಡಿಗನಿಗೆ ಅದೇ ಜಾಗಕ್ಕೆ ಚೆಂಡನ್ನು ಹಾಕಿ ಹಾಕಿ ಅವನ ದೋಷವನ್ನು ಪತ್ತೆಹಚ್ಚುತ್ತಾನೆ. ಕಟ್ಟಿಹಾಕಿದ ದಾಂಡಿಗನು ಒಂದೇ ಹೊಡೆತದಲ್ಲಿ ಬಿಡುಗಡೆ ಹೊಂದಲು ದಾಂಡನ್ನು ಎತ್ತಿ ಬೀಸುತ್ತಾನೆ. ಚೆಂಡು ಆಕಾಶಕ್ಕೂ ಅನಂತರ ಎದುರಾಳಿಯ ಕೈಗೂ ಹೋಗುತ್ತದೆ. ಮರುದಿನ ಎಲ್ಲರೂ ಆ ಕೆಟ್ಟ ಹೊಡೆತವನ್ನು ಹಳಿಯುತ್ತಾರೆ. ಅದನ್ನು ಹೆತ್ತ ಹಿಂದಿನ ಆರು ಎಸೆತಗಳನ್ನು ಯಾರೂ ಹಳಿಯುವುದಿಲ್ಲ. ಅದರ ಬದಲು ಎರಡನೆಯ ಎಸೆತದಲ್ಲಿ ಚೆಂಡನ್ನು ಮೆಲ್ಲನೆ ತಡೆದು ಒಂದು ಓಟ ಓಡಿದ್ದರೆ? ಎಸೆತಗಾರನ ಮುಂದೆ ಬೇರೊಬ್ಬ ದಾಂಡಿಗ ಬರುತ್ತಿದ್ದ. ಒಬ್ಬನು ಬಲಗೈಯವ, ಇನ್ನೊಬ್ಬನು ಎಡಗೈಯವನಾದರೆ ಎಸೆತಗಾರನು ಗುರಿಯನ್ನೇ ಬದಲಿಸಬೇಕಾಗುತ್ತಿತ್ತು. ಕಾವಲಿನವರು ಮೈದಾನದ ಈ ಬದಿಯಿಂದ ಆ ಬದಿಗೆ ಸಾಗಬೇಕಾಗುತ್ತಿತ್ತು. ಹತ್ತಿರ ಬಂದವರು ಓಟವನ್ನು ತಡೆಯಲು ದೂರ ಸರಿಯುತ್ತಿದ್ದರು. ಒಂದು ಲಘುವು ಹೀಗೆ ಮುಂದಿನ ಗುರುವಿಗೂ ದಾರಿ ಮಾಡಿಕೊಡುತ್ತದೆ.

ರಾಹುಲ್ ದ್ರಾವಿಡರು 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18 ಓಟಗಳಲ್ಲಿ ಸಿಲುಕಿ ನಲವತ್ತರಷ್ಟು ಎಸೆತಗಳ ಬಳಿಕ ಒಂದು ಓಟ ಪಡೆದಾಗ ಪರದೇಶದ ಪ್ರೇಕ್ಷಕರು ಎದ್ದ ದನಿಯಲ್ಲಿ ಚಪ್ಪಾಳೆ ತಟ್ಟಿದರು. ಅವರೂ ನಗುತ್ತ ದಾಂಡನ್ನೆತ್ತಿದರು. ಪ್ರೇಕ್ಷಕರದು ಪರಿಹಾಸವೇ ಇದ್ದೀತು. ಆದರೂ ಒಂಟಿ ಓಟಕ್ಕೆ ಸಂದ ಅಂಥ ಮರ್ಯಾದೆ ಅಪೂರ್ವ.

ಈ ರೋಗವು ಕ್ರಿಕೆಟ್ಟಿಗೆ ಮಾತ್ರ ಅಂಟಿದುದಲ್ಲ. ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ದಾಂಡಿಗನು ಒಂದು, ಎರಡು, ಮೂರು ನೆಲೆಗಳನ್ನು ಸುತ್ತಿ ಮನೆಯ ನೆಲೆಗೆ ಮರಳಿದರೆ ಮಾತ್ರ ಒಂದು ಓಟ. ಮೂವರು ಔಟಾದೊಡನೆ ಸರದಿ ಮುಗಿಯುತ್ತದೆ. ಆಗ ಎರಡನೆಯ ಅಥವಾ ಮೂರನೆಯ ನೆಲೆಯಲ್ಲಿ ನಿಂತವನ ಶ್ರಮವೆಲ್ಲ ವ್ಯರ್ಥ. ಚೆನ್ನಾಗಿ ಹೊಡೆಯುವ ತಂಡವೂ ಅಲ್ಲಿ ಓಟಗಳಿಲ್ಲದೆ ಬಡವಾಗುವುದುಂಟು. ಏಕೆಂದರೆ ಹೊಡೆತಗಳು ಒಂದರ ಬೆನ್ನಿಗೊಂದು ಬಾರದೆ ಚದುರಿರುತ್ತವೆ, ನೆಲೆಯಲ್ಲಿ ಕಾದವನನ್ನು ಮನೆ ಸೇರಿಸುವ ಸಣ್ಣ ಹೊಡೆತವನ್ನು ಯಾರೂ ಹೊಡೆಯುವುದಿಲ್ಲ, ಎಲ್ಲರೂ ಬೇಲಿಯಾಚೆಯ ಹೊಡೆತಕ್ಕೇ ಕಾಯುತ್ತಾರೆ. ಜೊತೆಗಾರನನ್ನು ದಡ ಸೇರಿಸುವ ಸಾಧಾರಣ ಕೆಲಸವನ್ನು ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಬಿಟ್ಟಾಗ ಎರಡು ಆಟಗಳಲ್ಲಿಯೂ ಗತಿ ಒಂದೇ.

ಹಾಗಾದರೆ ಕೈಗೆ ಈ ಅಭ್ಯಾಸ ಬಂದುದೆಲ್ಲಿಂದ? ಇಪ್ಪತ್ತು ಓವರುಗಳ ಆಟವು 2003ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 2008ರಲ್ಲಿ ಐಪಿಎಲ್ ಎಂಬ ಹೆಸರಿನಿಂದ ಭಾರತದ ಮನೆಮನೆಯನ್ನು ಹೊಕ್ಕಿತು. ಅದು ಮುಖ್ಯ ಕಾರಣಗಳಲ್ಲೊಂದೆಂಬುದು ನಿರ್ವಿವಾದ. ಆದರೆ ಬೀಜಕ್ಕೆ ತಕ್ಕ ನೆಲವೂ ಬೇಕು. ಆ ನೆಲವನ್ನು ನೋಡಬೇಕೆಂದರೆ ಬೆಂಗಳೂರಿನ ಹುಲ್ಲುಹಾಸಿಗಿಂತ ಉಡುಪಿ ಜಿಲ್ಲೆಯ ಮೈದಾನಗಳು ಹೆಚ್ಚು ತಿಳಿಸಿಕೊಡುತ್ತವೆ.

ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಂಬುದು ಕೆರೆಯ ಇನ್ನೊಂದು ಹೆಸರು. ಮಳೆ ನಿಂತ ಮೇಲೆ ಕಾರ್ಕಳದ ಕಡೆಯ ಹಳ್ಳಿಗಳಲ್ಲಿ ಏಣೆಲು ಬೆಳೆಯ ಕೊಯಿಲಾದ ಬೆಟ್ಟುಗದ್ದೆಗಳೇ ಹುಡುಗರ ಕ್ರೀಡಾಂಗಣ. ಅಲ್ಲಿ ನೆಲಮಟ್ಟದಲ್ಲಿ ಹೊಡೆದ ಚೆಂಡು ಕೂಳೆಗೆ ತಗುಲಿ ಹತ್ತು ಮಾರು ಹೋಗುವುದರೊಳಗೆ ನಿಂತುಬಿಡುತ್ತದೆ. ಆದ್ದರಿಂದ ಹುಡುಗನು ಕಲಿಯುವ ಮೊದಲ ಪಾಠವೇ ಚೆಂಡನ್ನು ಎತ್ತಿ ಹೊಡೆಯುವುದು. ಕಾಪುವಿನ ಕಡಲ ದಂಡೆಯಲ್ಲಿ, ದೀಪಸ್ತಂಭದ ಆಸುಪಾಸಿನಲ್ಲಿ, ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾದಾಗ ಆಟ. ಭರತ ಏರಿದೊಡನೆ ಆಟ ಮುಗಿಯಿತು. ಅಷ್ಟರೊಳಗೆ ಎಲ್ಲರಿಗೂ ದಾಂಡು ಸಿಗಬೇಕಾದರೆ ಒಬ್ಬೊಬ್ಬನಿಗೆ ಕೆಲವೇ ಎಸೆತಗಳು. ಮಣಿಪಾಲದ ಮುರಕಲ್ಲಿನ ಗುಡ್ಡದ ಮೇಲೆ ಸಮತಟ್ಟು ಮಾಡಿದ ನೆಲದಲ್ಲಿ ಚೆಂಡು ಹೇಗೆ ಪುಟಿದೀತೆಂದು ಹೇಳಬರುವುದಿಲ್ಲ. ಉಡುಪಿಯ ಅಜ್ಜರಕಾಡು, ಎಂ.ಜಿ.ಎಂ. ಕಾಲೇಜು ಮುಂತಾದ ದೊಡ್ಡ ಮೈದಾನಗಳನ್ನು ಬಿಟ್ಟರೆ ಓಣಿ ಓಣಿಯ ಆಟವೆಲ್ಲ ಮನೆ ತೋಟಗಳ ನಡುವಣದು. ಅಲ್ಲಿನ ನಿಯಮಗಳೂ ಅಲ್ಲಿಯವೇ. ಕೆಲವೆಡೆ ಒಂದು ಬದಿಗೆ ಹೊಡೆದರೆ ಓಟವೇ ಇಲ್ಲ. ಕೆಲವೆಡೆ ಒಂದು ಪುಟಿತದ ಬಳಿಕ ಹಿಡಿದರೂ ಔಟು. ಇನ್ನು ರಾತ್ರಿಯ ದೀಪಗಳ ಬೆಳಕಿನಲ್ಲಿ ಟೆನಿಸ್ ಚೆಂಡಿನಿಂದ ನಡೆಯುವ ಕಿರು ಓವರುಗಳ ಪಂದ್ಯಾಟಗಳಲ್ಲಿ ಒಂಟಿ ಓಟ ಓಡಿದವನಿಗೆ ಪ್ರೇಕ್ಷಕರಿಂದ ದೊರೆಯುವುದು ಬೈಗುಳ.

ಇದನ್ನು ದೂಷಣೆಯೆಂದು ತಿಳಿಯಲಾಗದು. ಇದೇ ಕರಾವಳಿ, ಇದೇ ನೆಲ ಧೀರ ದಾಂಡಿಗರನ್ನೂ ಕೊಟ್ಟಿದೆ. ಕಾಪುವಿನಿಂದ ತೆಂಕಣಕ್ಕೆ ಕೆಲವೇ ಹರದಾರಿ ದೂರದ ಮೂಲ್ಕಿಯಲ್ಲಿ 1939ರಲ್ಲಿ ಜನಿಸಿದ ಬುಧಿ ಕುಂದರನ್ 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ಓಟಗಳನ್ನು ಬಾರಿಸಿದರು. ಎತ್ತಿ ಹೊಡೆಯುವ ಎದೆಗಾರಿಕೆಯನ್ನು ಕಡಲ ಸೀಮೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಬೇಕಾದುದು ಇನ್ನೊಂದು. ಅದಕ್ಕೂ ಇಲ್ಲಿಯದೇ ನಿದರ್ಶನವಿದೆ. ಕಾರ್ಕಳ ತಾಲೂಕಿನ ಮೂಲದ ಕುಟುಂಬದಿಂದ ಬಂದ ರವಿ ಶಾಸ್ತ್ರಿಯವರು 1981ರಲ್ಲಿ ವೆಲಿಂಗ್ಟನ್ನಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ದಾಂಡು ಹಿಡಿದುದು ಹತ್ತನೆಯ ಕ್ರಮಾಂಕದಲ್ಲಿ. ಒಂದೊಂದೇ ಮೆಟ್ಟಿಲೇರಿ ಆರಂಭದ ದಾಂಡಿಗರಾಗಿ 1992ರ ಜನವರಿಯಲ್ಲಿ ಸಿಡ್ನಿಯಲ್ಲಿ 206 ಗಳಿಸಿದರು. ಅವರ ಆಟ ಬಹಳ ನಿಧಾನವೆಂದು ಪ್ರೇಕ್ಷಕರು ಗೊಣಗಿದ್ದುಂಟು. ಆ ನಿಧಾನಿಯೇ 1985ರ ಜನವರಿಯಲ್ಲಿ ಮುಂಬಯಿಯ ಪರವಾಗಿ ಆಡುತ್ತ ಬರೋಡದೆದುರು ಒಂದೇ ಓವರಿನಲ್ಲಿ ಆರು ಸಿಕ್ಸರುಗಳನ್ನು ಹೊಡೆದರು. ಲಘುವನ್ನು ಬಲ್ಲವನಿಗೆ ಗುರು ಕಷ್ಟವಲ್ಲ. ಗುರುವನ್ನು ಮಾತ್ರ ಬಲ್ಲವನಿಗೆ ಲಘುವು ಸಿದ್ಧಿಸುವುದು ಕಷ್ಟ.

ಇದನ್ನು ಗ್ರಂಥಗಳ ನೆರವಿಲ್ಲದೆ ಕಂಡುಕೊಂಡವರೊಬ್ಬರು ಕಾರ್ಕಳದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದರು. ಅವರು ಅಲ್ಲಿಯ ಡ್ರಿಲ್ ಮಾಸ್ತರು. ಅವರ ತಂಡದಲ್ಲಿ ಕಾಪುವಿನಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನಿದ್ದ. ಅವನು ಹೊಡೆದ ಚೆಂಡು ಶಾಲೆಯ ಹಂಚಿನ ಮಾಡನ್ನು ದಾಟಿ ಗೇರುತೋಪಿನಲ್ಲಿ ಬೀಳುತ್ತಿತ್ತು. ಊರವರಿಗೆ ಅವನೇ ತಂಡ. ಮಿಕ್ಕ ಹತ್ತು ಮಂದಿ ಅವನ ಹಿಂಬಾಲಕರು. ಒಂದು ವರ್ಷ ಮಣಿಪಾಲದಲ್ಲಿ ನಡೆದ ಅಂತರಶಾಲಾ ಪಂದ್ಯದಲ್ಲಿ ಗೆಲುವಿಗೆ ಇನ್ನು ಹನ್ನೆರಡು ಓಟಗಳು ಬೇಕಿದ್ದಾಗ ಜೊತೆಗಾರನಾದ ಎಂಟನೆಯ ತರಗತಿಯ ಪುಟ್ಟ ಹುಡುಗನು ಚೆಂಡನ್ನು ತಳ್ಳಿ ಓಡಿಬಂದ. ದಾಂಡು ತನ್ನ ಕೈತಪ್ಪಿ ಚಿಕ್ಕವನ ಪಾಲಾದೀತೆಂದು ದೊಡ್ಡವನು ಕೈಯೆತ್ತಿ ಅವನನ್ನು ಹಿಂದಕ್ಕಟ್ಟಿದ. ಚಿಕ್ಕವನು ಹಿಂದಿರುಗುವುದರೊಳಗೆ ಗೂಟಗಳು ಬಿದ್ದಿದ್ದವು. ಮುಂದಿನ ಓವರಿನಲ್ಲಿ ದೊಡ್ಡವನು ಎತ್ತಿ ಹೊಡೆದ ಚೆಂಡು ಗೆರೆಯ ಬಳಿ ನಿಂತವನ ಕೈಸೇರಿತು. ತಂಡ ಸೋತಿತು. ಹಿಂದಿರುಗುವ ಬಸ್ಸಿನಲ್ಲಿ ಯಾರೂ ದೊಡ್ಡವನನ್ನು ದೂರಲಿಲ್ಲ. ಎಲ್ಲರೂ ಆ ಪುಟ್ಟ ಹುಡುಗನು ಓಡಿದ್ದೇ ತಪ್ಪೆಂದರು. ಮಾಸ್ತರರಿಗೆ ಸೋಲಿಗಿಂತ ಈ ಮಾತು ಹೆಚ್ಚು ನೋವನ್ನುಂಟುಮಾಡಿತು.

ಮರುವಾರದಿಂದ ಅಭ್ಯಾಸದಲ್ಲಿ ಹೊಸದೊಂದು ನಿಯಮ ಜಾರಿಗೆ ಬಂದಿತು: ಗೆರೆ ದಾಟಿದ ಚೆಂಡಿಗೆ ಲೆಕ್ಕವಿಲ್ಲ, ಕಾಲಿನಿಂದ ಓಡಿದುದಕ್ಕೆ ಮಾತ್ರ ಲೆಕ್ಕ.

“ಎಂತ ಮಾಷ್ಟ್ರೇ, ಸಿಕ್ಸ್ ಹೊಡೆದರೂ ಸೊನ್ನೆಯಾ?” ಎಂದು ದೊಡ್ಡ ಹುಡುಗ ಕೇಳಿದ.

“ಸೊನ್ನೆಯೇ ಮಾರಾಯ. ನೀನು ಓಡಿದ್ದು ಎಲ್ಲಿ?” ಎಂದರು ಮಾಸ್ತರು.

ಕನ್ನಡದ ತರಗತಿಯಲ್ಲಿ ಕಲಿತ ಗುರುತುಗಳನ್ನೇ ಅವರು ಕರಿಹಲಗೆಯ ಮೇಲೆ ಬರೆಸಿದರು. ಒಂದು ಓಟಕ್ಕೆ ಲಘುವಿನ ಗುರುತು, ಎರಡಕ್ಕೆ ಗುರುವಿನ ಗುರುತು, ಓಟವಿಲ್ಲದ ಎಸೆತಕ್ಕೆ ಚುಕ್ಕೆ. ಪ್ರತಿಯೊಬ್ಬನ ಹೆಸರಿನ ಮುಂದೆ ಸಾಲು ಬೆಳೆಯಿತು. ದೊಡ್ಡವನ ಸಾಲಿನಲ್ಲಿ ಮೊದಲ ತಿಂಗಳು ಚುಕ್ಕೆಗಳೇ ತುಂಬಿದ್ದವು. ಪುಟ್ಟವನ ಸಾಲು ಲಘುಗಳಿಂದ ಕಿಕ್ಕಿರಿದಿತ್ತು. ಹಲಗೆ ಸುಳ್ಳು ಹೇಳುವುದಿಲ್ಲ. ದೊಡ್ಡವನು ಒಂದೆರಡು ವಾರ ಮುನಿದ, ಅಭ್ಯಾಸಕ್ಕೆ ಬರಲಿಲ್ಲ. ಮಾಸ್ತರು ಕರೆಕಳುಹಿಸಲೂ ಇಲ್ಲ, ಹಲಗೆಯಿಂದ ಅವನ ಹೆಸರನ್ನು ಅಳಿಸಲೂ ಇಲ್ಲ. ಬಳಿಕ ಅವನೇ ಬಂದ. ಮರುವರ್ಷ ಅಂಥದೇ ಇಕ್ಕಟ್ಟಿನಲ್ಲಿ ಪುಟ್ಟವನು ಕರೆದಾಗ ಅವನು ಹಿಂದುಮುಂದು ನೋಡದೆ ಓಡಿದ. ಆ ಪಂದ್ಯವನ್ನು ತಂಡ ಗೆದ್ದಿತು. ಮುಂದಿನ ಸುತ್ತಿನಲ್ಲಿ ಬಲಿಷ್ಠ ತಂಡವೊಂದರೆದುರು ಸೋತಿತು. ಆದರೆ ಆ ಸೋಲಿನ ಪುಸ್ತಕದಲ್ಲಿ ಹನ್ನೊಂದು ಮಂದಿಯ ಹೆಸರಿನ ಮುಂದೆಯೂ ಓಟಗಳಿದ್ದವು. ಬಸ್ಸಿನಲ್ಲಿ ಯಾರೂ ಯಾರನ್ನೂ ದೂರಲಿಲ್ಲ.

ಓಟವು ಇಬ್ಬರ ಕೆಲಸವೆಂಬುದನ್ನು ಈ ಸೀಮೆಯವರಿಗೆ ಕಂಬಳದ ಕರೆಯೂ ಕಲಿಸಿದೆ. ಕಾರ್ಕಳದ ಮಿಯ್ಯಾರಿನಲ್ಲಿಯಾಗಲಿ ಕಾಪು ತಾಲೂಕಿನ ಕಟಪಾಡಿಯಲ್ಲಿಯಾಗಲಿ ಕೆಸರಿನಲ್ಲಿ ಓಡುವುದು ಒಂಟಿ ಕೋಣವಲ್ಲ, ಜೋಡಿ. ಒಂದು ಕೋಣ ಗಾಳಿಯಂತೆ ಓಡಿ ಇನ್ನೊಂದು ಹಿಂದುಳಿದರೆ ಜೋಡಿಯು ಅಡ್ಡಾದಿಡ್ಡಿಯಾಗುತ್ತದೆ. ಅದಕ್ಕಾಗಿಯೇ ಬಲ್ಲ ಯಜಮಾನನು ಅತಿ ವೇಗದ ಕೋಣವನ್ನು ಹುಡುಕುವುದಕ್ಕಿಂತ ಹೆಜ್ಜೆಗೆ ಹೆಜ್ಜೆ ಕೂಡುವ ಜೊತೆಯನ್ನು ಹುಡುಕುತ್ತಾನೆ.

ಕರ್ನಾಟಕದ ರಣಜಿ ಚರಿತ್ರೆಯಲ್ಲಿಯೂ ಇದೇ ಪಾಠ ಎರಡು ಬಾರಿ, ಒಮ್ಮೆ ಕಹಿಯಾಗಿ ಒಮ್ಮೆ ಸಿಹಿಯಾಗಿ, ಬಂದಿದೆ. ದಿಲ್ಲಿಯಲ್ಲಿ ನಡೆದ 1981-82ರ ಅಂತಿಮ ಪಂದ್ಯದಲ್ಲಿ ಕರ್ನಾಟಕವು 705 ಓಟಗಳ ಪರ್ವತವನ್ನೇ ಒಟ್ಟಿತು. ದಿಲ್ಲಿಯ ಎಂಟು ವಿಕೆಟ್ಟುಗಳು 589ಕ್ಕೆ ಬಿದ್ದಾಗ ಕಿರೀಟ ಬಂದಂತೆಯೇ ಎಂದುಕೊಂಡವರು ಬಹಳ. ಆದರೆ ದಾಂಡಿಗರೆಂದು ಹೆಸರಾಗದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಜೊತೆಗೂಡಿ ಉಳಿದ ಓಟಗಳನ್ನೆಲ್ಲ ತಂದರು; ದಿಲ್ಲಿಯ ಮೊತ್ತ 707 ಆಯಿತು. ಎರಡು ಓಟಗಳ ಮುನ್ನಡೆಯಿಂದ ಪ್ರಶಸ್ತಿ ಅವರದಾಯಿತು. ಸಿಹಿಯ ಪಾಠ ಬಂದುದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ, 2014-15ರ ಅಂತಿಮ ಪಂದ್ಯದಲ್ಲಿ. ತಮಿಳುನಾಡಿನೆದುರು ಕರ್ನಾಟಕದ ಐದು ವಿಕೆಟ್ಟುಗಳು 84ಕ್ಕೇ ಉರುಳಿದ್ದವು. ಗಾಯಗೊಂಡು ಮೊದಲೇ ಮರಳಿದ್ದ ಕೆ.ಎಲ್. ರಾಹುಲ್ ಆಗ ಮತ್ತೆ ಬಂದು ಕರುಣ್ ನಾಯರರ ಜೊತೆ ನಿಂತರು. ಸುರತ್ಕಲ್ಲಿನಲ್ಲಿ ಬೆಳೆದು ಮಂಗಳೂರಿನ ನೆಹರೂ ಮೈದಾನದಲ್ಲಿ ಆಟ ಕಲಿತ ಕರಾವಳಿಯ ತರುಣನವರು. ಇಬ್ಬರೂ ಆರನೆಯ ವಿಕೆಟ್ಟಿಗೆ 386 ಓಟಗಳನ್ನು ಕೂಡಿಸಿದರು. ರಾಹುಲರದು 188, ನಾಯರರದು 328, ರಣಜಿ ಅಂತಿಮ ಪಂದ್ಯಗಳಲ್ಲಿ ಅದುವರೆಗೆ ಯಾರೂ ಗಳಿಸದಿದ್ದ ಮೊತ್ತ. ಆ 328ಕ್ಕೆ ನಾಯರರು ಎದುರಿಸಿದುದು ಐನೂರಕ್ಕೂ ಮೀರಿದ ಎಸೆತಗಳನ್ನು. 84ರ ಅಂಕೆಯನ್ನು ನೋಡಿ ಸಿಕ್ಸರಿನಿಂದ ಬಿಡುಗಡೆ ಬಯಸಿದ್ದರೆ ಆ ಮಧ್ಯಾಹ್ನವೇ ಪಂದ್ಯ ಮುಗಿಯುತ್ತಿತ್ತು. ತಂಡವು 762 ಗಳಿಸಿ, ಇನಿಂಗ್ಸ್ ಮತ್ತು 217 ಓಟಗಳಿಂದ ಗೆದ್ದಿತು.

ಇಷ್ಟನ್ನು ಕಂಡ ಮೇಲೆ ರೋಗವೂ ಅಸಾಧ್ಯವಲ್ಲ, ಮದ್ದೂ ದುರ್ಲಭವಲ್ಲವೆಂದು ಸ್ಪಷ್ಟವಾಗುತ್ತದೆ. ಆದರೆ ಮದ್ದನ್ನು ಇಪ್ಪತ್ತೈದರ ಪ್ರಾಯದಲ್ಲಿ ಕುಡಿಸಿದರೆ ಫಲವಿಲ್ಲ, ಹದಿಮೂರರಲ್ಲಿ ಕುಡಿಸಬೇಕು. ಅದು ಶಾಲೆಯ ಕೆಲಸ. ಕೂಳೆಯಿಲ್ಲದ ಸಮತಟ್ಟಾದ ನೆಲವೊಂದಿದ್ದರೆ ಹುಡುಗನು ಚೆಂಡನ್ನು ನೆಲಮಟ್ಟದಲ್ಲಿ ಹೊಡೆಯಲು ತಾನಾಗಿಯೇ ಕಲಿಯುತ್ತಾನೆ. ಮುರಕಲ್ಲಿನ ಮೇಲೆ ಹಾಸಲು ಒಂದು ನಾರಿನ ಚಾಪೆ, ಎಳೆಯಲು ಒಂದು ರೋಲರು, ಟೆನಿಸ್ ಚೆಂಡಿನ ಬದಲು ಕೆಲವು ತೊಗಲಿನ ಚೆಂಡುಗಳು ಇದ್ದರೆ ಅವನು ತಾಳ್ಮೆಯನ್ನೂ ಕಲಿಯುತ್ತಾನೆ. ಹೊಸ ಕಟ್ಟಡಕ್ಕೆ ಜಾಗ ಸಾಲದೆಂದಾಗ ಮೊದಲು ಕಣ್ಣಿಗೆ ಬೀಳುವುದು ಆಟದ ಬಯಲು. ಕಟ್ಟಡದ ಗೋಡೆಯ ಮೇಲೆ ದಾನಿಗಳ ಹೆಸರನ್ನು ಕೆತ್ತಬಹುದು, ಬಯಲಿನ ಮೇಲೆ ಕೆತ್ತಲಾಗದು; ಆದರೂ ಬಯಲನ್ನು ಬಯಲಾಗಿ ಉಳಿಸಿದ ದಾನವು ಕಟ್ಟಡದ ದಾನಕ್ಕಿಂತ ಕಿರಿದಲ್ಲ. ಅಧ್ಯಾಪಕರ ಪಾಲಿಗೆ ಉಳಿಯುವುದು ಕರಿಹಲಗೆ. ಅದರಲ್ಲಿ ಅತಿ ಹೆಚ್ಚು ಸಿಕ್ಸರು ಹೊಡೆದವನ ಹೆಸರಿನ ಕೆಳಗೆ, ಜೊತೆಗಾರನ ಕರೆಗೆ ಓಗೊಟ್ಟು ಓಡಿದವನ ಹೆಸರಿಗೂ ಒಂದು ಸಾಲಿನ ಜಾಗವಿರಲಿ.

ಮೈಸೂರು, ಕೋಲ್ಕತ್ತ, ಅಹಮದಾಬಾದುಗಳಲ್ಲಿ ಕರ್ನಾಟಕವು ಸೋತ ಅಂತರ ಹದಿನೇಳು ಓಟಗಳು. ಮೂರನ್ನೂ ಗೆಲ್ಲಲು ಬೇಕಾಗಿದ್ದುದು ಇಪ್ಪತ್ತು. ಎಸೆತಕ್ಕೊಂದರಂತೆ ಓಡಿದ್ದರೆ ಮೂರು ಓವರುಗಳೂ ಎರಡು ಎಸೆತಗಳೂ ಸಾಕಾಗುತ್ತಿದ್ದವು.